ಕಾಂಪೋಸ್ಟು ರಾಶಿಯಿಂದ ಗಾಳಿಗೇರುವ ಬೂಷ್ಟು

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ದೊಡ್ಡ ಕಾಂಪೋಸ್ಟು ರಾಶಿಗೆ ಸ್ಥಳವನ್ನು ಗೊತ್ತುಮಾಡುವಾಗ ದುರ್ವಾಸನೆಯನ್ನು ಮಾತ್ರ ಯೋಚಿಸುವುದುಂಟು. ಹಿತ್ತಲ ತಿಪ್ಪೆಗೆ ಅಷ್ಟು ಸಾಕು. ಗಾಡಿಗಟ್ಟಲೆ ಕಸವನ್ನು ಕೊಳೆಯಿಸುವ ಸ್ಥಳಕ್ಕೆ ಸಾಲದು. ರಾಶಿಯೊಳಗಿನ ಕಾವು 60 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಬಹುದು. ಕಾವನ್ನು ಸಹಿಸಬಲ್ಲ ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು ಇಂತಹ ರಾಶಿಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಇದರ ಬೀಜಕಣಗಳು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ ಇರುವುದರಿಂದ ಶ್ವಾಸಕೋಶದ ಆಳಕ್ಕೆ ಇಳಿಯುವುವು. ದೃಢಕಾಯರಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಉಬ್ಬಸವುಳ್ಳವರಿಗೂ ಕ್ಷೀಣಿಸಿದವರಿಗೂ ಅಪಾಯವುಂಟು.

ರಾಶಿಯು ಸುಮ್ಮನಿರುವಾಗ ಹೊರಬೀಳುವ ಕಣಗಳು ಕಡಮೆ. ಮಗುಚುವಾಗಲೂ ಜರಡಿಯಾಡುವಾಗಲೂ ಅತ್ಯಧಿಕ. ಇವು ಎಷ್ಟು ದೂರ ಹೋಗುವುವೆಂದು ತಿಳಿಯಲು, ಕಾರ್ಖಾನೆಯ ಕೊಳವೆಯ ಹೊಗೆಗೆ ಉಪಯೋಗಿಸುವ ಗಣಿತವನ್ನೇ ಶಾಸ್ತ್ರಜ್ಞರು ಅನುಸರಿಸುತ್ತಾರೆ. ಹೊರಟ ಕಣಗಳ ಪ್ರಮಾಣ, ಗಾಳಿಯ ವೇಗ, ದಿಕ್ಕು, ಕಲಕಾಟ ಇವು ಗೊತ್ತಾದರೆ ದೂರದ ಮನೆಯ ಬಳಿ ಕಣಗಳೆಷ್ಟಿರುವುವೆಂಬುದನ್ನು ಅಂದಾಜುಮಾಡಬಹುದು. ಆದರೆ ರಾಶಿಯು ಕೊಳವೆಯಂತೆ ಒಂದೇ ಸಮನೆ ಉಗುಳುವುದಿಲ್ಲ. ಕಣಗಳು ಗುಂಪುಗೂಡಿ ಹಾರುವುದೂ ಉಂಟು. ಆದಕಾರಣ ಸ್ಥಳದಲ್ಲಿ ಅಳೆದು ತಾಳೆನೋಡದೆ ಲೆಕ್ಕವನ್ನು ಪೂರ್ತಿ ನಂಬಲಾಗದು. ಇಂಗ್ಲೆಂಡಿನ ಪರಿಸರ ಇಲಾಖೆಯವರು, ವಾಸಸ್ಥಳವು 250 ಮೀಟರಿನೊಳಗಿದ್ದರೆ, ಆ ಸ್ಥಳಕ್ಕೇ ಸಂಬಂಧಪಟ್ಟ ಅಪಾಯದ ಪರಿಶೀಲನೆಯನ್ನು ಕೇಳುತ್ತಾರೆ.

ಗಾಳಿಯಾಡದ ತಿಳಿರಾತ್ರಿ ಕಳೆದ ಬೆಳಗಿನಲ್ಲಿ ನೆಲದ ಮೇಲಣ ತಣ್ಣನೆಯ ಗಾಳಿಯು ಮೇಲಕ್ಕೇಳದೆ ಕಣಗಳನ್ನು ತಗ್ಗಿನಲ್ಲಿಯೇ ಹಿಡಿದಿಡುವುದು. ಅಂತಹ ವೇಳೆಯಲ್ಲಾಗಲಿ, ಊರಿನ ಕಡೆಗೆ ಗಾಳಿಯು ಬೀಸುವಾಗಲಾಗಲಿ ರಾಶಿಯನ್ನು ಮಗುಚಕೂಡದು. ಒಣಗಿದ ರಾಶಿಯಾದರೆ ಮೊದಲು ನೀರು ಚಿಮುಕಿಸಿ, ಹದವಾದ ಮೇಲೆ ಮಗುಚತಕ್ಕದ್ದು.