ಕುತ್ತಿಗೆ ಬಿಗಿದ ಗಾಯ: ಮೊದಲ ನಿಮಿಷದಿಂದ ಚೇತರಿಕೆಯವರೆಗೆ

ಬೈಕಿನ ಹಿಂದೆ ಕುಳಿತವರ ದುಪಟ್ಟಾ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿಯುವುದುಂಟು. ಸೀರೆಯ ಜೋಕಾಲಿಯಲ್ಲಿ ಮಕ್ಕಳು ಸಿಲುಕುವುದುಂಟು. ಮನೆಯೊಳಗಿನ ಹಿಂಸೆಯಲ್ಲಿ ಕತ್ತು ಹಿಸುಕುತ್ತಾರೆ. ಬದುಕಿನಿಂದ ಬೇಸತ್ತವರು ತಾವೇ ಅಪಾಯ ತಂದುಕೊಳ್ಳುತ್ತಾರೆ. ಕಾರಣ ಯಾವುದಾದರೂ ಮೊದಲ ಗುರಿ ಒಂದೇ: ಮಿದುಳಿಗೆ ಬೇಗ ಆಮ್ಲಜನಕ ತಲುಪಿಸುವುದು.

ಸ್ಥಳದಲ್ಲಿ ಏನು ಮಾಡಬೇಕು?

• ವಾಹನ ನಿಲ್ಲಿಸಿ, ಬಟ್ಟೆಯನ್ನು ಎಳೆದಾಡದೆ ಕತ್ತರಿಸಿ ಬಿಡಿಸಿ. ತಲೆ, ಕುತ್ತಿಗೆ ಅಲುಗದಂತೆ ನೆಲಕ್ಕೆ ಮಲಗಿಸಿ.
• 108ಕ್ಕೆ ಕರೆ ಮಾಡಿ.
• ಪ್ರಜ್ಞೆ, ಉಸಿರು ಎರಡೂ ಇಲ್ಲದಿದ್ದರೆ ಸಿಪಿಆರ್ ಆರಂಭಿಸಿ. ದೊಡ್ಡವರಿಗೆ ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಇಲ್ಲಿ ಆಮ್ಲಜನಕದ ಕೊರತೆಯೇ ಮೂಲ ತೊಂದರೆ. ಆದ್ದರಿಂದ ತರಬೇತಿ ಇದ್ದವರು 30 ಒತ್ತುಗಳಿಗೆ 2 ಬಾರಿ ಬಾಯಿಯಿಂದ ಉಸಿರನ್ನೂ ಕೊಡಬೇಕು.
• ನೀರು ಕುಡಿಸಬೇಡಿ.

ಆಸ್ಪತ್ರೆಯಲ್ಲಿ ಏನಾಗುತ್ತದೆ?

ವೈದ್ಯರು ಮೊದಲು ಶ್ವಾಸಮಾರ್ಗ ನೋಡುತ್ತಾರೆ. ಪ್ರಜ್ಞೆ ಕುಗ್ಗಿದ್ದರೆ ಅಥವಾ ಗಂಟಲು ಊದುತ್ತಿದ್ದರೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಜೋಡಿಸುತ್ತಾರೆ. ಧ್ವನಿಪೆಟ್ಟಿಗೆ ಮುರಿದಿದೆಯೇ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ನಾಳದ ಒಳಪದರ ಸೀಳಿದೆಯೇ ಎಂದು ತಿಳಿಯಲು ಸಿ.ಟಿ. ಆಂಜಿಯೋಗ್ರಾಂ ಮಾಡಿಸುತ್ತಾರೆ. ನಾಳ ಸೀಳಿದ್ದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡಬೇಕಾಗಬಹುದು. ಇಲ್ಲವಾದರೆ ದಿನಗಳ ನಂತರ ಪಾರ್ಶ್ವವಾಯು ಬಡಿಯಬಹುದು. ಶ್ವಾಸಕೋಶದಲ್ಲಿ ನೀರು ತುಂಬಿದೆಯೇ ಎಂದೂ ಪರೀಕ್ಷಿಸುತ್ತಾರೆ.

ಚರ್ಮದ ಮೇಲೆ ಗುರುತೇ ಇಲ್ಲದೆಯೂ ಒಳಗೆ ಗಂಭೀರ ಪೆಟ್ಟಾಗಿರಬಹುದು. ನಡೆದಾಡುತ್ತ, ಮಾತಾಡುತ್ತ ಇದ್ದವರಿಗೂ ಗಂಟೆಗಳ ನಂತರ ಊತ ಹೆಚ್ಚಬಹುದು. ಧ್ವನಿ ಒಡೆಯುವುದು, ನುಂಗಲು ನೋವು, ಉಸಿರಾಟದ ಸದ್ದು, ಕಣ್ಣಿನಲ್ಲಿ ಕೆಂಪು ಚುಕ್ಕೆ, ಕೈಕಾಲಿನ ಬಲಹೀನತೆ ಕಂಡರೆ ತಡಮಾಡಬಾರದು.

ಚೇತರಿಕೆ ಹೇಗಿರುತ್ತದೆ?

ಹೃದಯ ನಿಲ್ಲದೆ ಆಸ್ಪತ್ರೆ ತಲುಪಿದವರಲ್ಲಿ ಬಹುತೇಕರು ಬದುಕುತ್ತಾರೆ. ಪ್ರಜ್ಞೆ ಇಲ್ಲದೆ ಬಂದವರಲ್ಲೂ ಎಷ್ಟೋ ಮಂದಿ ತೀವ್ರ ನಿಗಾ ಘಟಕದ ಆರೈಕೆಯಿಂದ ಪೂರ್ತಿ ಗುಣಮುಖರಾಗುತ್ತಾರೆ. ಹೃದಯ ಸ್ತಂಭನವಾಗಿದ್ದರೆ ಮಾತ್ರ ಮಿದುಳಿಗೆ ಶಾಶ್ವತ ಹಾನಿಯ ಭಯ ಹೆಚ್ಚು. ಗುಣವಾದ ಮೇಲೂ ಕೆಲವರಿಗೆ ಮರೆವು, ಗಮನದ ಕೊರತೆ, ಧ್ವನಿಯ ತೊಂದರೆ ಉಳಿಯಬಹುದು, ಆದ್ದರಿಂದ ಮರುತಪಾಸಣೆ ತಪ್ಪಿಸಬಾರದು.

ನಡೆದದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಸುಳ್ಳು ಹೇಳಿದರೆ ಸರಿಯಾದ ಪರೀಕ್ಷೆಯೇ ತಪ್ಪಿಹೋಗುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ. ಅವರಿಗೆ ಬೇಕಿರುವುದು ಆರೈಕೆ, ಶಿಕ್ಷೆಯಲ್ಲ. ಮನಸ್ಸು ಕುಸಿದಾಗ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಿಂಸೆಗೊಳಗಾದ ಮಹಿಳೆಯರಿಗೆ 181 ಸಹಾಯವಾಣಿ ಇದೆ.