ವಯಸ್ಸಿನ ಅಂಕಿ ಮತ್ತು ಮನೆಯ ವಿವೇಚನೆ

ಮಕ್ಕಳನ್ನು ಕಾಪಾಡಲೆಂದು ಸರಕಾರವೊಂದು ಕಟ್ಟಿದ ಗೋಡೆಯೇ, ವಯಸ್ಕರಿಗಾಗಿ ತಯಾರಾದ ಆಟಗಳನ್ನು ಹದಿನೈದರ ಹುಡುಗರ ಕೈಗೆ ದಾಟಿಸಿದ ವಿಚಿತ್ರ ಪ್ರಸಂಗವೊಂದು ಆಸ್ಟ್ರೇಲಿಯ ದೇಶದ ಇತ್ತೀಚಿನ ಇತಿಹಾಸದಲ್ಲಿದೆ. ವಿಡಿಯೋ ಆಟಗಳ ಬಗ್ಗೆ ಚಿಂತಿಸುವ ತಂದೆತಾಯಂದಿರು ಆ ಪ್ರಸಂಗವನ್ನು ಒಮ್ಮೆ ಸಾವಧಾನವಾಗಿ ಪರಿಶೀಲಿಸುವುದು ಒಳಿತು. ಏಕೆಂದರೆ, ಇಂಥ ಆಟಗಳನ್ನೆಲ್ಲ ನಿಷೇಧಿಸಬಾರದೇ ಎಂಬ ಪ್ರಶ್ನೆಯನ್ನು ನಾವು ಸುಲಭವಾಗಿ ಕೇಳುತ್ತೇವೆ. ನಿಷೇಧಿಸಿದ ಮೇಲೆ ಏನಾಗುತ್ತದೆ ಎಂದು ಕೇಳುವ ಗೊಡವೆಗೆ ಹೋಗುವುದಿಲ್ಲ.

ವಿಡಿಯೋ ಆಟಗಳಿಗೆ ವಯಸ್ಸಿನ ಅಂಕಿ ಅಂಟಿಸುವ ಪದ್ಧತಿಗೆ ಈಗ ಮೂರು ದಶಕಗಳು ಸಂದಿವೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ 'ಮಾರ್ಟಲ್ ಕಾಂಬ್ಯಾಟ್' ಮತ್ತು 'ನೈಟ್ ಟ್ರ್ಯಾಪ್' ಎಂಬ ಆಟಗಳ ಹಿಂಸೆಯ ಬಗ್ಗೆ ವಿಚಾರಣೆ ನಡೆಯಿತು. ಕಾನೂನು ಬರುವ ಮೊದಲೇ ತಮ್ಮ ಮನೆಯನ್ನು ತಾವೇ ಗುಡಿಸಿಕೊಳ್ಳುವುದು ಲೇಸೆಂದು ಆಟದ ಕಂಪನಿಗಳು 1994ರಲ್ಲಿ ತಮ್ಮದೇ ಶ್ರೇಣೀಕರಣ ಮಂಡಳಿಯನ್ನು ಸ್ಥಾಪಿಸಿದವು. ಅದೇ ವರ್ಷ ಜರ್ಮನಿಯಲ್ಲೂ ಅಂಥದೊಂದು ಸಂಸ್ಥೆ ಹುಟ್ಟಿಕೊಂಡಿತು. ಆಸ್ಟ್ರೇಲಿಯ ಮಾತ್ರ ಈ ಕೆಲಸವನ್ನು ಕಂಪನಿಗಳಿಗೆ ಬಿಡದೆ, 1995ರ ಕಾಯ್ದೆಯ ಮೂಲಕ ಸರಕಾರಿ ಮಂಡಳಿಗೇ ವಹಿಸಿತು.

ಗುರುತು ಮತ್ತು ಗೋಡೆ

ಮುಂದೆ ಸಾಗುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಟವೊಂದರ ಮೇಲೆ '18' ಎಂದು ಮುದ್ರಿಸುವುದು ಒಂದು ಕ್ರಿಯೆ. ಆ ಆಟ ದೇಶದೊಳಗೆ ಬಾರದಂತೆ ತಡೆಯುವುದು ಇನ್ನೊಂದು ಕ್ರಿಯೆ. ಮೊದಲನೆಯದು ಗುರುತು, ಎರಡನೆಯದು ಗೋಡೆ. ಗುರುತು ಓದುವವನ ವಿವೇಕವನ್ನು ಕರೆಯುತ್ತದೆ. ಗೋಡೆ ಆ ವಿವೇಕದ ಸ್ಥಾನದಲ್ಲಿ ತಾನೇ ನಿಲ್ಲುತ್ತದೆ. ವಿಷದ ಬಾಟಲಿಗೆ ಚೀಟಿ ಅಂಟಿಸುವುದಕ್ಕೂ ಆ ಬಾಟಲಿಯನ್ನು ಅಂಗಡಿಯಲ್ಲಿ ಇಡಗೊಡದಿರುವುದಕ್ಕೂ ಇರುವ ಅಂತರವೇ ಇದು. ಎರಡಕ್ಕೂ ಅದರದರ ಸ್ಥಾನವಿದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗ ಮಾತ್ರ ತೊಂದರೆ ಆರಂಭವಾಗುತ್ತದೆ.

ಆಸ್ಟ್ರೇಲಿಯದಲ್ಲಿ ನಡೆದದ್ದು ಇದೇ. ಅಲ್ಲಿ ಚಲನಚಿತ್ರಗಳಿಗೆ 'ಆರ್ 18+' ಎಂಬ ವಯಸ್ಕರ ದರ್ಜೆ ಇತ್ತು. ವಿಡಿಯೋ ಆಟಗಳಿಗೆ ಇರಲಿಲ್ಲ. ಆಟವೆಂದರೆ ಮಕ್ಕಳ ವಸ್ತು ಎಂಬ ಭಾವನೆ ಆಗ ಪ್ರಬಲವಾಗಿತ್ತು. ಸಿನೆಮಾ ನೋಡುವವನು ಬರೇ ಪ್ರೇಕ್ಷಕ, ಆಟ ಆಡುವವನು ಕರ್ತೃ, ಆದ್ದರಿಂದ ಆಟದ ಪರಿಣಾಮ ಹೆಚ್ಚು ಆಳವಾದದ್ದು ಎಂಬ ವಾದವೂ ಇತ್ತು. ಹೀಗಾಗಿ ಆಟಗಳಿಗೆ ಲಭ್ಯವಿದ್ದ ಅತ್ಯುನ್ನತ ದರ್ಜೆ 'ಎಂಎ 15+'. ಅದನ್ನೂ ಮೀರಿದ ಆಟಕ್ಕೆ ವರ್ಗೀಕರಣವನ್ನೇ ನಿರಾಕರಿಸಲಾಗುತ್ತಿತ್ತು. ವರ್ಗೀಕರಣವಿಲ್ಲದ ಆಟವನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಹೊರದೇಶದಿಂದ ತರಿಸಿಕೊಳ್ಳುವಂತೆಯೂ ಇಲ್ಲ.

ಗೋಡೆಯ ಎರಡು ಫಲಗಳು

ಈ ವ್ಯವಸ್ಥೆಯಿಂದ ಎರಡು ಬಗೆಯ ಫಲಗಳು ಉಂಟಾದವು. ಮೊದಲನೆಯದು ನಿರೀಕ್ಷಿತವೇ. 2008ರಲ್ಲಿ 'ಫಾಲ್‌ಔಟ್ 3' ಎಂಬ ಆಟಕ್ಕೆ ಮಂಡಳಿ ವರ್ಗೀಕರಣ ನಿರಾಕರಿಸಿತು. ಗಾಯಗೊಂಡ ನಾಯಕನು ಮಾರ್ಫಿನ್ ಚುಚ್ಚಿಕೊಂಡು ಚೇತರಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿತ್ತು. ತಯಾರಕರು ಮಾರ್ಫಿನ್ ಎಂಬ ಹೆಸರನ್ನು ತೆಗೆದು 'ಮೆಡ್-ಎಕ್ಸ್' ಎಂಬ ಕಲ್ಪಿತ ಹೆಸರಿಟ್ಟರು; ಆಟಕ್ಕೆ ಅನುಮತಿ ಸಿಕ್ಕಿತು. ಹೊಸ ಹೆಸರು ಜಗತ್ತಿನ ಎಲ್ಲ ಪ್ರತಿಗಳಿಗೂ ಅನ್ವಯಿಸಿತು. ಒಂದು ದೇಶದ ಗೋಡೆ ಇತರ ದೇಶಗಳ ಅಂಗಳದಲ್ಲೂ ನೆರಳು ಚೆಲ್ಲಿತು. ಆದರೆ ಚುಚ್ಚುಮದ್ದು ಹಾಗೆಯೇ ಉಳಿಯಿತು, ಬದಲಾದದ್ದು ಚೀಟಿ ಮಾತ್ರ. 2009ರಲ್ಲಿ 'ಲೆಫ್ಟ್ ಫೋರ್ ಡೆಡ್ 2' ಹಿಂಸೆಯ ಕಾರಣದಿಂದ ತಿರಸ್ಕೃತವಾಗಿ, ಕತ್ತರಿಸಿದ ಪ್ರತಿಯೊಂದು ಮಾರುಕಟ್ಟೆಗೆ ಬಂತು. 2011ರಲ್ಲಿ 'ಮಾರ್ಟಲ್ ಕಾಂಬ್ಯಾಟ್'ನ ಹೊಸ ಆವೃತ್ತಿಗೂ ಬಾಗಿಲು ಮುಚ್ಚಿತು.

ಎರಡನೆಯ ಫಲವನ್ನು ಯಾರೂ ಬಯಸಿರಲಿಲ್ಲ. ಮೇಲಿನ ಮೆಟ್ಟಿಲೇ ಇಲ್ಲದಿರುವಾಗ, ಗಡಿಯಲ್ಲಿ ನಿಂತ ಆಟವನ್ನು ಒಂದೋ ಹೊರಗೆ ದಬ್ಬಬೇಕು, ಇಲ್ಲವೇ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು. ಬ್ರಿಟನ್ನಿನಲ್ಲಿ 18 ವರ್ಷ ತುಂಬಿದವರಿಗೆ ಮೀಸಲಾಗಿದ್ದ 'ಗ್ರ್ಯಾಂಡ್ ಥೆಫ್ಟ್ ಆಟೋ 4' 2008ರಲ್ಲಿ ಕೊಂಚ ತಿದ್ದುಪಡಿಯೊಡನೆ ಆಸ್ಟ್ರೇಲಿಯದಲ್ಲಿ 15ರ ದರ್ಜೆ ಪಡೆಯಿತು. 2009ರ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಆಟದಲ್ಲಿ ವಿಮಾನ ನಿಲ್ದಾಣವೊಂದರಲ್ಲಿ ಭಯೋತ್ಪಾದಕರು ನಿರಾಯುಧ ಪ್ರಯಾಣಿಕರನ್ನು ಕೊಲ್ಲುವ ದೃಶ್ಯವಿದೆ, ಆಟಗಾರನು ಬಯಸಿದರೆ ತಾನೂ ಗುಂಡು ಹಾರಿಸಬಹುದು. ಬ್ರಿಟನ್ನಿನಲ್ಲಿ ಅದು 18ರ ಆಟ. ಜರ್ಮನಿಯ ಆವೃತ್ತಿಯಲ್ಲಿ ನಾಗರಿಕನಿಗೆ ಗುಂಡಿಟ್ಟರೆ ಆಟವೇ ಮುಗಿಯುವಂತೆ ಬದಲಾಯಿಸಲಾಗಿತ್ತು. ಆಸ್ಟ್ರೇಲಿಯದಲ್ಲಿ ಅದಕ್ಕೆ ಸಿಕ್ಕಿದ್ದು 'ಎಂಎ 15+'. ಮಕ್ಕಳ ರಕ್ಷಣೆಗೆಂದು ವಯಸ್ಕರ ದರ್ಜೆಯನ್ನು ನಿರಾಕರಿಸಿದ ದೇಶದಲ್ಲಿ, ಆ ನಿರಾಕರಣೆಯೇ ಹುಡುಗರ ಪಾಲಿಗೆ ಪರವಾನಗಿಯಾಯಿತು.

ಹಾಗಾದರೆ ಇದನ್ನು ಬೇಗನೆ ಏಕೆ ಸರಿಪಡಿಸಲಿಲ್ಲ? ಬದಲಾವಣೆಗೆ ಕೇಂದ್ರ, ರಾಜ್ಯ ಹಾಗೂ ಪ್ರಾಂತ್ಯಗಳ ಒಟ್ಟು 9 ಕಾನೂನು ಸಚಿವರ ಒಮ್ಮತ ಬೇಕಿತ್ತು. ದಕ್ಷಿಣ ಆಸ್ಟ್ರೇಲಿಯ ರಾಜ್ಯದ ಮೈಕಲ್ ಅಟ್ಕಿನ್ಸನ್ 2010ರಲ್ಲಿ ಸ್ಥಾನ ಬಿಡುವವರೆಗೂ ಒಪ್ಪಲಿಲ್ಲ. ಅವರ ವಾದವನ್ನು ತೇಲಿಸಿಬಿಡುವುದು ನ್ಯಾಯವಲ್ಲ. ವಯಸ್ಕರಿಗೆಂದು ಮಾರಿದ ಆಟ ಮನೆಯೊಳಗೆ ಬಂದ ಮೇಲೆ ಮಕ್ಕಳ ಕೈಗೆ ಸಿಗದೆ ಇರುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ನಿಜವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಹೇಳಬೇಕಾದವರು ಸಚಿವರಲ್ಲ, ಮನೆಯವರು. ಕೊನೆಗೆ ಸರಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 58,000ಕ್ಕೂ ಮಿಕ್ಕಿ ಪತ್ರಗಳು ಬಂದವು. ಶೇಕಡ 98ರಷ್ಟು ಹೊಸ ದರ್ಜೆಯ ಪರವಾಗಿದ್ದವು. ಇವುಗಳಲ್ಲಿ ದೊಡ್ಡ ಪಾಲನ್ನು ಆಟದ ಅಂಗಡಿಗಳು ಮತ್ತು ಆಟಗಾರರ ಬಳಗವೇ ಸಂಗ್ರಹಿಸಿದ್ದರಿಂದ ಇದನ್ನು ಇಡೀ ದೇಶದ ತೀರ್ಪೆನ್ನಲಾಗದು. ಆದರೂ 2011ರಲ್ಲಿ ತಾತ್ವಿಕ ಒಪ್ಪಿಗೆ, 2012ರಲ್ಲಿ ಶಾಸನ, 2013ರ ಜನವರಿ 1ರಿಂದ ಜಾರಿ ಎಂಬ ಕ್ರಮದಲ್ಲಿ 'ಆರ್ 18+' ಆಟಗಳಿಗೂ ಅನ್ವಯವಾಯಿತು. ಹಿಂದೆ ತಿರಸ್ಕೃತವಾಗಿದ್ದ 'ಲೆಫ್ಟ್ ಫೋರ್ ಡೆಡ್ 2' 2014ರಲ್ಲಿ ಅಖಂಡವಾಗಿ ವಯಸ್ಕರ ದರ್ಜೆ ಪಡೆಯಿತು.

ಗೋಡೆ ಪೂರ್ತಿ ಉರುಳಲಿಲ್ಲ, ಉರುಳಬೇಕಾಗಿಯೂ ಇರಲಿಲ್ಲ. ಹೊಸ ದರ್ಜೆ ಬಂದ ಆರೇ ತಿಂಗಳಲ್ಲಿ, ಲೈಂಗಿಕ ಹಿಂಸೆಯನ್ನು ಸೂಚಿಸುವ ಆಯುಧದ ಕಾರಣವೂ ಸೇರಿ 'ಸೇಂಟ್ಸ್ ರೋ 4' ತಿರಸ್ಕೃತವಾಯಿತು. 2021ರಲ್ಲಿ 'ಡಿಸ್ಕೋ ಎಲಿಸಿಯಂ'ನ ಅಂತಿಮ ಆವೃತ್ತಿಗೆ ಮಾದಕ ದ್ರವ್ಯದ ಕಾರಣ ಅನುಮತಿ ನಿರಾಕರಿಸಲಾಯಿತು. ಮೇಲ್ಮನವಿ ಮಂಡಳಿ ಮರುಪರಿಶೀಲಿಸಿ, ಈ ಆಟ ವ್ಯಸನದ ದುಷ್ಪರಿಣಾಮವನ್ನೂ ತೋರಿಸಿ ಆಟಗಾರನನ್ನು ಅದರಿಂದ ವಿಮುಖಗೊಳಿಸುತ್ತದೆಂದು ಕಂಡುಕೊಂಡು 'ಆರ್ 18+' ನೀಡಿತು. ಕೆಡುಕನ್ನು ಚಿತ್ರಿಸುವುದು ಬೇರೆ, ಕೆಡುಕಿಗೆ ಬಹುಮಾನ ಕೊಡುವುದು ಬೇರೆ. ಈ ಸೂಕ್ಷ್ಮವನ್ನು ಗ್ರಹಿಸಲು ಯಾರಾದರೊಬ್ಬರು ಆಟವನ್ನು ಕೂತು ನೋಡಲೇಬೇಕು.

ಜಾಲದಲ್ಲಿ ಗಡಿ

ಅಂದು ಆಟ ಡಬ್ಬಿಯಲ್ಲಿ ಬರುತ್ತಿತ್ತು, ಸುಂಕದವನು ಹಿಡಿಯಬಹುದಾಗಿತ್ತು. ಇಂದು ಅದು ಅಂತರ್ಜಾಲದ ಮಳಿಗೆಯಿಂದ ನೇರವಾಗಿ ಇಳಿಯುತ್ತದೆ. ಗ್ರಾಹಕನು ಯಾವ ದೇಶದಲ್ಲಿದ್ದಾನೆ, ಯಾವ ದೇಶದ ಕಾರ್ಡಿನಿಂದ ಹಣ ಕೊಡುತ್ತಾನೆ ಎಂಬುದನ್ನು ನೋಡಿ ಮಳಿಗೆಯೇ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಜರ್ಮನಿ ಇದಕ್ಕೆ ಉತ್ತಮ ನಿದರ್ಶನ. 2002ರಲ್ಲಿ ಎರ್ಫುರ್ಟ್ ನಗರದ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ತರುವಾಯ, 2003ರಲ್ಲಿ ಜಾರಿಗೆ ಬಂದ ಕಾಯ್ದೆ ಅಲ್ಲಿ ವಯಸ್ಸಿನ ಅಂಕಿಯನ್ನು ಅಂಗಡಿಗಳಿಗೆ ಕಡ್ಡಾಯಗೊಳಿಸಿತು. 2024ರ ನವೆಂಬರ್ 15ರಿಂದ 'ಸ್ಟೀಮ್' ಎಂಬ ಬೃಹತ್ ಜಾಲಮಳಿಗೆ, ವಯಸ್ಸಿನ ಅಂಕಿ ಇಲ್ಲದ ಆಟಗಳನ್ನು ಜರ್ಮನಿಯ ಗ್ರಾಹಕರಿಗೆ ತೋರಿಸುವುದನ್ನೇ ನಿಲ್ಲಿಸಿತು. ಆ ಆಟಗಳೆಲ್ಲ ಕೆಟ್ಟವೆಂದಲ್ಲ. ತಯಾರಕರು ಪ್ರಶ್ನಾವಳಿ ತುಂಬಿರಲಿಲ್ಲ, ಅಷ್ಟೆ. ಇಲ್ಲಿ ಗುರುತಿಲ್ಲದಿರುವುದೇ ಗೋಡೆಯಾಯಿತು.

ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳೊಂದಿಗೆ 'ಪಬ್‌ಜಿ' ಆಟವನ್ನು ತಡೆಹಿಡಿದಾಗ ನಿಟ್ಟುಸಿರು ಬಿಟ್ಟ ಪೋಷಕರಿಗೆ ಲೆಕ್ಕವಿಲ್ಲ. ಆದರೆ ಆ ಆದೇಶ ಹೊರಟದ್ದು ದೇಶದ ಭದ್ರತೆ ಮತ್ತು ಮಾಹಿತಿ ರಕ್ಷಣೆಯ ಹೆಸರಿನಲ್ಲಿ; ಮಕ್ಕಳ ವಯಸ್ಸಿನ ಮಾತು ಅದರಲ್ಲಿರಲಿಲ್ಲ. ಮರುವರ್ಷ ಜುಲೈಯಲ್ಲಿ ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ, ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆ ಮತ್ತು ದಿನಕ್ಕೆ ಮೂರು ಗಂಟೆಯ ಮಿತಿಯೊಂದಿಗೆ ಮರಳಿತು. ಆ ಹತ್ತು ತಿಂಗಳ ಬಿಡುವಿನಲ್ಲಿ ನಮ್ಮ ಮನೆಗಳಲ್ಲಿ ಮಗನೊಡನೆ ಆಟದ ಬಗ್ಗೆ ಮಾತಾಡಿದವರೆಷ್ಟು ಮಂದಿ?

ಅಂಕಿ ಹೇಳುವುದು, ಹೇಳದಿರುವುದು

ನಮ್ಮ ಫೋನಿನ ಗೂಗಲ್ ಪ್ಲೇ ಮಳಿಗೆಯಲ್ಲಿ ಆಟದ ಹೆಸರಿನ ಬಳಿ 3+, 7+, 12+, 16+, 18+ ಎಂಬ ಅಂಕಿಗಳು ಕಾಣಿಸುತ್ತವೆ. ಅವನ್ನು ನೀಡುವುದು ನಮ್ಮ ಚಲನಚಿತ್ರ ಪ್ರಮಾಣೀಕರಣ ಮಂಡಳಿಯಲ್ಲ. ವಿಡಿಯೋ ಆಟಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. 2013ರಲ್ಲಿ ಹಲವು ದೇಶಗಳ ಶ್ರೇಣೀಕರಣ ಸಂಸ್ಥೆಗಳು ಕೂಡಿ ಮಾಡಿಕೊಂಡ ವ್ಯವಸ್ಥೆಯೊಂದರಲ್ಲಿ, ತಯಾರಕನು ಪ್ರಶ್ನಾವಳಿಗೆ ಉತ್ತರಿಸಿದೊಡನೆ ಗಣಕಯಂತ್ರ ಈ ಅಂಕಿಯನ್ನು ಹೊರಡಿಸುತ್ತದೆ. ರಕ್ತವಿದೆಯೇ, ಅಶ್ಲೀಲ ಮಾತಿದೆಯೇ, ಜೂಜಿದೆಯೇ ಎಂಬುದು ಪ್ರಶ್ನೆ. ಇದು ಉಪಯುಕ್ತ ಗುರುತು, ಅಲಕ್ಷಿಸತಕ್ಕದ್ದಲ್ಲ.

ಆದರೆ ಅದು ಹೇಳದ ಸಂಗತಿಗಳೂ ಇವೆ. ಆಟದ ನಡುವೆ ಮಗುವಿನ ಕಿವಿಗೆ ಬೀಳುವ ಅಪರಿಚಿತನ ಮಾತಿಗೆ ಯಾವ ಅಂಕಿಯೂ ಹೊಣೆಯಲ್ಲ. ಆಟ ರಾತ್ರಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಅದು ಹೇಳುವುದಿಲ್ಲ. ಹಣ ಸುಲಿಯುವ ಅದೃಷ್ಟದ ಪೆಟ್ಟಿಗೆಗಳು ಬಹುಕಾಲ ಅಂಕಿಯ ಕಣ್ಣಿಗೆ ಬಿದ್ದಿರಲೇ ಇಲ್ಲ. 2024ರ ಸೆಪ್ಟೆಂಬರ್ 22ರಿಂದ ಆಸ್ಟ್ರೇಲಿಯ ಇಂಥ ಪೆಟ್ಟಿಗೆಗಳಿರುವ ಹೊಸ ಆಟಗಳಿಗೆ ಕನಿಷ್ಠಪಕ್ಷ 15ರ ಕೆಳಗಿನವರಿಗೆ ಸಲ್ಲದೆಂಬ 'ಎಂ' ದರ್ಜೆಯನ್ನೂ, ಜೂಜಿನ ಅನುಕರಣೆ ಇರುವ ಆಟಗಳಿಗೆ 'ಆರ್ 18+' ದರ್ಜೆಯನ್ನೂ ವಿಧಿಸಿತು. ರಕ್ತ ಕಾಣದ, ಬಣ್ಣಬಣ್ಣದ ಆಟವೂ ಮನೆಯ ಹಣಕ್ಕೆ ಕನ್ನ ಹಾಕಬಹುದೆಂಬುದನ್ನು ಕಾನೂನು ಗುರುತಿಸಲು ಇಷ್ಟು ಕಾಲ ಬೇಕಾಯಿತು.

ತರುಣರು ಗಣಿತದಲ್ಲಿ, ರೇಖಾಗಣಿತದಲ್ಲಿ ನಿಪುಣರಾಗಬಲ್ಲರು, ಆದರೆ ವ್ಯವಹಾರ ವಿವೇಕದಲ್ಲಿ ಅಲ್ಲ ಎಂದು ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ವಿವರಿಸಿದ್ದಾನೆ. ವಿವೇಕಕ್ಕೆ ಬಿಡಿಬಿಡಿ ಸಂಗತಿಗಳ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು ಎಂಬುದು ಅವನು ಕೊಡುವ ಕಾರಣ. ಹನ್ನೆರಡರ ಬಾಲಕ ಆಟದ ತಂತ್ರದಲ್ಲಿ ನಮ್ಮನ್ನು ಸೋಲಿಸಬಲ್ಲ. ಆಟ ತನ್ನ ಮನಸ್ಸಿಗೆ ಏನು ಮಾಡುತ್ತಿದೆ ಎಂದು ತೂಗಿ ನೋಡುವ ಕಸುವು ಅವನಲ್ಲಿ ಇನ್ನೂ ಬಲಿತಿರುವುದಿಲ್ಲ. ವಯಸ್ಸಿನ ಅಂಕಿಗೆ ಇರುವ ನಿಜವಾದ ಸಮರ್ಥನೆ ಇದು. ಆದರೆ ಇದೇ ಮಾತು ಅಂಕಿಯ ಮಿತಿಯನ್ನೂ ಸಾರುತ್ತದೆ. ಕಾನೂನು ಸಾಮಾನ್ಯ ಬಾಲಕನನ್ನು ಬಲ್ಲದು. ಈ ಬಾಲಕನನ್ನು, ಅವನ ಅಂಜಿಕೆ, ಅವನ ಮುಂಗೋಪ, ಅವನ ಒಂಟಿತನವನ್ನು ಬಲ್ಲವರು ಹೆತ್ತವರು ಮಾತ್ರ.

ಆಸ್ಟ್ರೇಲಿಯದ 'ಎಂಎ 15+' ದರ್ಜೆಯ ನಿಯಮದಲ್ಲೇ ಇದರ ಸೂಚನೆ ಇದೆ. ಹದಿನೈದು ತುಂಬದವನಿಗೆ ಆ ಆಟವನ್ನು ಮಾರಕೂಡದು, ಜತೆಗೆ ತಂದೆತಾಯಿ ಅಥವಾ ಪಾಲಕರು ಇದ್ದರೆ ಮಾರಬಹುದು. ಕಾನೂನು ತನ್ನ ಕೀಲಿಕೈಯನ್ನು ಹಿರಿಯರ ಕೈಗಿತ್ತು ಸರಿಯುತ್ತದೆ. ಆ ಕೀಲಿಕೈಯನ್ನು ನೋಡದೆಯೇ ಮಗನ ಕೈಗೆ ದಾಟಿಸುವ ತಂದೆಗೆ ಯಾವ ಮಂಡಳಿ ತಾನೇ ಸಹಾಯ ಮಾಡೀತು?

ಆದ್ದರಿಂದ ಪೋಷಕರು ಮಾಡಬಹುದಾದ ಕೆಲಸ ಸರಳವಾದುದು. ಆಟ ಇಳಿಸುವ ಮೊದಲು ಅಂಕಿಯನ್ನೂ ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಕಾರಣವನ್ನೂ ಓದಿರಿ. ಫೋನಿನಲ್ಲಿ ಪೋಷಕ ನಿಯಂತ್ರಣವನ್ನು ಹೊಂದಿಸಿ, ಹಣ ಪಾವತಿಗೆ ಗುಪ್ತಸಂಖ್ಯೆ ಇಡಿರಿ. ಆ ಸಂಖ್ಯೆ ಮಗುವಿಗೆ ತಿಳಿಯದಿರಲಿ. ಅಪರಿಚಿತರೊಡನೆ ಮಾತಾಡುವ ಸೌಲಭ್ಯವನ್ನು ಮುಚ್ಚಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿರಿ. ಇದರಲ್ಲಿ ಗೆಲ್ಲುವುದೆಂದರೆ ಏನು ಮಾಡುವುದು ಎಂದು ಅವನನ್ನೇ ಕೇಳಿರಿ. ಬೇಡವೆನ್ನಬೇಕಾದಾಗ ಕಾರಣ ಹೇಳಿ ಬೇಡವೆನ್ನಿರಿ. ಕಾರಣ ಕೇಳಿ ಬೆಳೆದ ಮಗು ಹದಿನೆಂಟರ ಬಳಿಕ, ತಡೆಯುವವರು ಯಾರೂ ಇಲ್ಲದಾಗ, ತನಗೆ ತಾನೇ ಬೇಡವೆನ್ನಲು ಕಲಿತಿರುತ್ತದೆ.