ದೈನಂದಿನ ಜೀವನದಲ್ಲಿ ಮನಸ್ಸಿನ ಸಮಾಧಾನ

ದಿನನಿತ್ಯದ ಒತ್ತಡಗಳ ನಡುವೆ ಮನಸ್ಸಿನ ಸಮತೋಲನವನ್ನು ಕಾಯ್ದುಕೊಳ್ಳಲು ವ್ಯಕ್ತಿಯು ತಾನೇ ಅನುಸರಿಸಬಹುದಾದ ಕ್ರಮಗಳನ್ನು ಸ್ವಸಹಾಯ ಸಲಹೆಗಳೆನ್ನುತ್ತಾರೆ. ತನ್ನ ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಿ ನೋಡುವುದು ಇವುಗಳಲ್ಲಿ ಬಹಳ ಹಳೆಯದು; ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೀಟಸನ ಬೋಧನೆಗೂ ಇದೇ ಬುನಾದಿ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರ ಬದುಕು ಈ ಸಲಹೆಗೆ ಕಠಿಣ ಪರೀಕ್ಷೆಯಾಗಿದೆ. ಉಂಡೆ ಕೊಬ್ಬರಿಗಾಗಿ ಇಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತ 8ರಿಂದ 12 ತಿಂಗಳು ಅಟ್ಟದಲ್ಲಿ ಇಡಲಾಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಸದ್ದು ಮಾಡುತ್ತದೆ. ಕಾಯಿ ಅಟ್ಟವೇರಿದಾಗ ಇದ್ದ ಬೆಲೆ ಇಳಿಸುವಾಗಲೂ ಇರುತ್ತದೆಂಬ ಭರವಸೆಯಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂ. ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ರೈತರು ಪ್ರತಿಭಟನೆಗಿಳಿದರು.

ಕಾಯಿಯ ಆಯ್ಕೆ, ಅಟ್ಟಕ್ಕೆ ಗಾಳಿಯಾಡುವಂತೆ ನೋಡಿಕೊಳ್ಳುವುದು, ಎಲ್ಲವನ್ನೂ ಒಮ್ಮೆಗೇ ಮಾರದಿರುವುದು ಬೆಳೆಗಾರನ ಕೈಯಲ್ಲಿವೆ. ದರ ಅವನೊಬ್ಬನ ಕೈಯಲ್ಲಿಲ್ಲ. ಮೊಬೈಲಿನಲ್ಲಿ ಅದನ್ನು ಗಂಟೆಗೊಮ್ಮೆ ನೋಡುವ ಬದಲು ದಿನಕ್ಕೊಮ್ಮೆ ನೋಡುವುದು, ಉದ್ವೇಗವಾದಾಗ ಉಸಿರನ್ನು ನಿಧಾನವಾಗಿ ಹೊರಬಿಡುವುದು ಉಪಯುಕ್ತ ಅಭ್ಯಾಸಗಳು. ಸಾಲದ ಕಂತು ಇವುಗಳಿಂದ ತೀರದೆಂಬುದೂ ನಿಜ. ಆದ್ದರಿಂದ ಈ ವಿಂಗಡಣೆಯನ್ನು ಮೌನವಾಗಿ ಸಹಿಸಿಕೊಳ್ಳುವ ಉಪದೇಶವೆಂದು ತಿಳಿದರೆ ತಪ್ಪಾಗುತ್ತದೆ. ಒಬ್ಬನಿಗೆ ನಿಲುಕದ್ದು ಹಲವರಿಗೆ ನಿಲುಕಬಹುದು: ರೈತರ ಒತ್ತಾಯದ ನಂತರ, 2024ರಲ್ಲಿ ನಾಫೆಡ್ ಮೂಲಕ 12,000 ರೂ. ಬೆಂಬಲ ಬೆಲೆಯಲ್ಲಿ ಕೊಬ್ಬರಿ ಖರೀದಿ ನಡೆಯಿತು.

ನಿದ್ರೆ, ಹಸಿವು ಕೆಟ್ಟು ಎರಡು ವಾರ ಮೀರಿದರೆ ಸ್ವಸಹಾಯ ಸಾಲದು, ವೈದ್ಯರನ್ನು ಕಾಣಬೇಕು. ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್ (14416) ಕನ್ನಡದಲ್ಲಿಯೂ ಲಭ್ಯವಿದೆ.